ಸುಣ್ಣದ ಗೆರೆಯ ಇಂಡಿಯಾ

ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಯಾರಾದರೂ ಒಬ್ಬ ಗುರುಗಳ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯಿಂದ ಫೋನ್ ಬಂದಾಗ, ಇಂಗ್ಲಿಷ್ ಸರ್ ಬಗ್ಗೆ ಎಂದು ತಕ್ಷಣ ಹೇಳಿಬಿಟ್ಟೆ. ಹೆಸರು ಬರೆಯುತ್ತಿಲ್ಲ. ನಮ್ಮ ಬ್ಯಾಚಿನವರಿಗೆ ಅದು ಬೇಕಿಲ್ಲ, ಅವರಿಗೂ ಹೆಸರು ಅಚ್ಚಾಗುವುದು ಸೇರುತ್ತಿರಲಿಲ್ಲ.

ಆಗೆಲ್ಲ ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೆಯ ಇಯತ್ತೆಗೆ. ಎಂಟಕ್ಕೆ ಬರುವಷ್ಟರಲ್ಲಿ ಪಾಠದ ಪ್ರಶ್ನೋತ್ತರಗಳು ನಮಗೆ ಬಾಯಿಪಾಠವಾಗಿದ್ದವು, ಸ್ವಂತದ್ದೊಂದು ವಾಕ್ಯ ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಸರ್ ಒಂದು ದಿನ ಪಿ.ಟಿ. ಮಾಸ್ತರರ ಹತ್ತಿರ ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಇಸಕೊಂಡು ಬಂದರು. ಬೇವಿನ ಗಿಡದ ಮುಂದಿನ ಬಯಲಲ್ಲಿ ಗುಜರಾತಿನಿಂದ ಅರುಣಾಚಲದವರೆಗೆ ಭಾರತದ ನಕ್ಷೆ ಬಿಡಿಸಿದರು. ಊರುಗಳ ಹೆಸರು ಬರೆಯಲಿಲ್ಲ. ಊರುಗಳಾಗಿ ನಿಲ್ಲಬೇಕಾದವರು ನಾವು.

ಹಾಸ್ಟೆಲಿನ ಉದ್ದನೆಯ ಹುಡುಗ ಕಾಂಚನಜುಂಗಾ, 8,586 ಮೀಟರ್. ಕೇರಳದ ಆನಮುಡಿಯಾಗಿ ನಿಂತ ಹುಡುಗಿ 2,695 ಮೀಟರ್. "ಕಾಂಚನಜುಂಗಾ ಈಸ್ ಹೈಯರ್ ದ್ಯಾನ್ ಆನಮುಡಿ" ಎಂದು ಅವನು ಬೀಗಿದ. ಆಕೆಗೆ ಸಿಟ್ಟು ಬಂತು. "ಸೌತ್ ಇಂಡಿಯಾದಾಗ ನಾನೇ ಎತ್ತರ ಅದೀನ್ರಿ ಸರ!"

"ಅದನ್ನೇ ಇಂಗ್ಲಿಷಿನ್ಯಾಗ ಹೇಳವಾ."

"ಐ ಆ್ಯಮ್ ದಿ ಹೈಯೆಸ್ಟ್ ಪೀಕ್ ಇನ್ ಸೌತ್ ಇಂಡಿಯಾ."

ಕಂಪ್ಯಾರಿಟಿವ್, ಸೂಪರ್‌ಲೇಟಿವ್ ಎಂಬ ಪದಗಳು ಫಲಕದ ಮೇಲೆ ಬಂದದ್ದು ಮರುದಿನ. ಅಷ್ಟರಲ್ಲಿ ಇಡೀ ತರಗತಿ ಅವುಗಳನ್ನು ಜಗಳಕ್ಕೆ ಬಳಸಲು ಕಲಿತಿತ್ತು.

ನಿಜವಾದ ಕಷ್ಟ ಇದ್ದದ್ದು ದಿಕ್ಕು ಹೇಳುವುದರಲ್ಲಿ. ಗೆರೆಯ ಒಳಗೆ ತಮಿಳುನಾಡಿನಲ್ಲಿ ನಿಂತವನು "ಇನ್ ದಿ ಸೌತ್ ಆಫ್ ಇಂಡಿಯಾ". ಗೆರೆಯ ಹೊರಗೆ ಶ್ರೀಲಂಕಾ ಆದವನು "ಟು ದಿ ಸೌತ್ ಆಫ್ ಇಂಡಿಯಾ". ಮಂಗಳೂರಿನವಳು ಗೆರೆಯನ್ನೇ ತುಳಿದುಕೊಂಡು ನಿಲ್ಲಬೇಕು, ಅವಳು "ಆನ್ ದಿ ಕೋಸ್ಟ್". ಲಕ್ಷದ್ವೀಪದವನು ನಾಲ್ಕು ಹೆಜ್ಜೆ ಆಚೆ, ಎರಡು ಎಫ್ ಇರುವ "ಆಫ್ ದಿ ಕೋಸ್ಟ್". ಪ್ರಿಪೊಸಿಶನ್ ಎಂದರೆ ಕಾಲು ಎಲ್ಲಿದೆ ಎಂದು ನೋಡಿಕೊಂಡು ಹೇಳುವುದು ಎಂದು ನಮಗೆ ಅನಿಸಿಬಿಟ್ಟಿತು. ಕನ್ಯಾಕುಮಾರಿ ಆದವನು ತಾನೇ ಭಾರತದ ತುತ್ತತುದಿ ಎಂದುಕೊಂಡಿದ್ದ. ಸರ್ ಒಬ್ಬಳನ್ನು ಪೂರ್ವ ಸಮುದ್ರದೊಳಗೆ ದೂರ ಕಳಿಸಿ, ಗ್ರೇಟ್ ನಿಕೋಬಾರ್‌ನ ಇಂದಿರಾ ಪಾಯಿಂಟ್ ಇನ್ನೂ ದಕ್ಷಿಣಕ್ಕಿದೆ ಎಂದು ತೋರಿಸಿದರು. ಪಾಪ, ಅವನ ವಾಕ್ಯಕ್ಕೆ "ಮೇನ್‌ಲ್ಯಾಂಡ್" ಎಂಬ ಪದ ಬಂದು ಸೇರಿಕೊಂಡಿತು.

ಇನ್ನೊಂದು ತಾಸಿನಲ್ಲಿ ಎಲ್ಲರೂ ತಮ್ಮ ತಮ್ಮ ಊರು ಎಲ್ಲಿದೆ ಎಂದು ಹೇಳಬೇಕಿತ್ತು. ಅವು ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರುತ್ತಿದ್ದ ವರ್ಷಗಳು. ನಮ್ಮಲ್ಲಿ ಹಲವರು ಮುಳುಗಡೆ ಊರಿನವರು, ಪುನರ್ವಸತಿ ಕೇಂದ್ರದ ತಗಡಿನ ಮನೆಗಳಿಂದ ಬರುತ್ತಿದ್ದರು. ಹಿಂದಿನ ಬೆಂಚಿನ ಹುಡುಗ ಎದ್ದು "ಮೈ ವಿಲೇಜ್ ಈಸ್ ಆನ್ ದಿ ಕೃಷ್ಣಾ" ಎಂದ. ಸ್ವಲ್ಪ ತಡೆದು ತಾನೇ ತಿದ್ದಿದ: "ವಾಸ್ ಆನ್ ದಿ ಕೃಷ್ಣಾ. ನೌ ಇಟ್ ಈಸ್ ಅಂಡರ್ ದಿ ಕೃಷ್ಣಾ." ಸರ್ ಕರೆಕ್ಟ್ ಅನ್ನಲೂ ಇಲ್ಲ, ವೆರಿ ಗುಡ್ ಅನ್ನಲೂ ಇಲ್ಲ. "ಕೂಡಪಾ" ಎಂದು, ಮುಂದಿನವನ ಸರದಿ ಬಿಟ್ಟು, ಅವನ ಊರಲ್ಲಿ ಏನೇನಿತ್ತು ಎಂದು ಕನ್ನಡದಲ್ಲೇ ಕೇಳಿದರು.

"ದಿ" ಎಲ್ಲಿ ಹಚ್ಚಬೇಕು ಎಂಬುದು ಇನ್ನೊಂದು ಗೋಳು. ನದಿ, ಪರ್ವತಸಾಲು, ಮರುಭೂಮಿಗೆ ಬೇಕು: ದಿ ಗಂಗಾ, ದಿ ಹಿಮಾಲಯಾಸ್, ದಿ ಥಾರ್. ಒಂಟಿ ಶಿಖರಕ್ಕೆ, ಸರೋವರಕ್ಕೆ, ಊರಿಗೆ ಬೇಡ: ಮೌಂಟ್ ಎವರೆಸ್ಟ್, ಚಿಲಿಕಾ ಲೇಕ್, ಹಂಪಿ. ಹಾಗಾದರೆ ದೆಹಲಿಯ "ಇಂಡಿಯಾ ಗೇಟ್"ಗೆ ಇಲ್ಲದ್ದು ಮುಂಬಯಿಯ "ದಿ ಗೇಟ್‌ವೇ ಆಫ್ ಇಂಡಿಯಾ"ಗೆ ಯಾಕ್ರಿ ಎಂದು ಯಾರೋ ಕೇಳಿದರು. ನಡುವೆ "ಆಫ್" ಬಂದರೆ ಮುಂದೆ "ದಿ" ಬರುತ್ತದೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು, ಆದರೆ ಅವರು ಎರಡರ ಕಥೆಯನ್ನೂ ಹೇಳಿದರು. 1911ರಲ್ಲಿ ಐದನೆಯ ಜಾರ್ಜ್ ಬಂದಿಳಿದ ನೆನಪಿಗೆಂದು ಕಟ್ಟಲು ಹೊರಟದ್ದು ಮುಗಿದದ್ದು 1924ರಲ್ಲಿ, ಆಮೇಲೆ 1948ರಲ್ಲಿ ಕೊನೆಯ ಬ್ರಿಟಿಷ್ ತುಕಡಿ ಅದೇ ಕಮಾನಿನ ಕೆಳಗಿನಿಂದ ಹಡಗು ಹತ್ತಿತು. ಇಂಡಿಯಾ ಗೇಟ್ ಯುದ್ಧಗಳಲ್ಲಿ ಸತ್ತ ಸೈನಿಕರದ್ದು, 1931ರದ್ದು. ಆ ಎರಡು ಬಾಗಿಲುಗಳನ್ನು ನಮ್ಮ ಬ್ಯಾಚಿನವರು ಇವತ್ತಿಗೂ ಅದಲುಬದಲು ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಗೋಳಗುಮ್ಮಟಕ್ಕೆ ಹೋಗದಿದ್ದರೆ ಹೇಗೆ? ವಿಜಾಪುರದ ಹುಡುಗರು, ಅದರ ನೆರಳಿನಲ್ಲೇ ಕ್ರಿಕೆಟ್ ಆಡಿದವರು, ಒಳಗೆ ಹೋಗಿದ್ದವರು ಕಡಿಮೆ. ಜನ ಸೇರಿ ಗದ್ದಲವಾಗುವ ಮೊದಲೇ ಮುಟ್ಟಬೇಕೆಂದು ನಸುಕಿನಲ್ಲೇ ಹೊರಡಿಸಿದರು. ಕೆಳಗೆ ನಿಂತು ಮೊದಲು ನೋಡಿ, ಆಮೇಲೆ ಮಾತಾಡಿ ಎಂಬುದು ಅವರ ಷರತ್ತು. ಅಂಕಿ ಹೇಳುವಂತಿಲ್ಲ. ಕಂಡದ್ದು ಹೇಳಬೇಕು. "ದೇರ್ ಆರ್ ನೋ ಪಿಲರ್ಸ್" ಎಂದು ಒಬ್ಬಳು ಅಂದಾಗ ಅವರಿಗೆ ಆದ ಖುಷಿ ಹೇಳತೀರದು. ಕಂಬವಿಲ್ಲದಿದ್ದರೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ಯಾವುದರ ಮೇಲೆ ಕೂತಿದೆ? ಕತ್ತು ಮೇಲೆತ್ತಿ ನೋಡಿದೆವು. ಒಂದನ್ನೊಂದು ಕತ್ತರಿಸುತ್ತ ಏರಿದ ಎಂಟು ಕಮಾನುಗಳು ಚೌಕವಾದ ಕೋಣೆಯನ್ನು ಮೇಲೆ ಹೋಗುತ್ತ ದುಂಡಗೆ ಮಾಡುತ್ತವೆ. "ದಿ ಡೋಮ್ ರೆಸ್ಟ್ಸ್ ಆನ್ ಆರ್ಚಸ್." ಈ "ರೆಸ್ಟ್ಸ್ ಆನ್" ನನಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಮಿನಾರಿನೊಳಗಿನ ಕಿರುಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಬಂದಾಗ ನಮ್ಮ ತರಗತಿಯ ಮಾನಿಟರ್ ತಡೆಯಲಾರದೆ "ಒನ್ ಆಫ್ ದಿ ಲಾರ್ಜೆಸ್ಟ್ ಡೋಮ್ ಇನ್ ದಿ ವರ್ಲ್ಡ್!" ಎಂದು ಕೂಗಿದ. ಗುಮ್ಮಟ ಅವನ ತಪ್ಪನ್ನು ಮತ್ತೆ ಮತ್ತೆ, ತುಂಬು ಗಂಭೀರವಾಗಿ, ಹೇಳುತ್ತಲೇ ಹೋಯಿತು. ಎದುರು ಬದಿಯಲ್ಲಿದ್ದ ಸರ್ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ "ಡೋಮ್ಸ್" ಎಂದರು. ಅದು ಗೋಡೆಗುಂಟ ಬಂದು ನೇರ ಅವನ ಕಿವಿಗೆ ಬಿತ್ತು. "ಒನ್ ಆಫ್ ದಿ" ಆದ ಮೇಲೆ ಬಹುವಚನ ಎಂದು ನಾನು ಈಗ ನನ್ನ ಮಕ್ಕಳಿಗೆ ವರ್ಷವಿಡೀ ಹೇಳುತ್ತೇನೆ. ಗುಮ್ಮಟ ಹೇಳಿಕೊಟ್ಟಷ್ಟು ಚೆನ್ನಾಗಿ ನಾಟುವುದಿಲ್ಲ.

ಅವರ ಒಂದು ಸಂಗತಿ ನನಗೆ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ಸ್ಮಾರಕ ಎಂದರೆ ಸಾಕು, ಅವರಿಗೆ ಪ್ಯಾಸಿವ್ ವಾಯ್ಸ್. "ವಾಸ್ ಬಿಲ್ಟ್ ಬೈ ಮೊಹಮ್ಮದ್ ಆದಿಲ್ ಶಾ" ಎಂದು ಎಲ್ಲರಿಂದಲೂ ಹೇಳಿಸಿದರು. 1656ರಲ್ಲಿ ಅಲ್ಲಿ ಮಣ್ಣಾದ ಸುಲ್ತಾನ ಒಂದು ಕಲ್ಲನ್ನಾದರೂ ಹೊತ್ತಿದ್ದನೇ? ದಾಭೋಲದ ಯಾಕೂತ್ ಎಂಬ ಶಿಲ್ಪಿಯ ಹೆಸರು ಹೇಳುತ್ತಾರೆ, ಗಾರೆ ಕಲಸಿದವರ ಹೆಸರು ಅದೂ ಇಲ್ಲ. ನಾನು ಪಾಠ ಮಾಡುವಾಗ "ಬೈ" ಮುಂದೆ ಜಾಗ ಖಾಲಿ ಬಿಟ್ಟು, ಇಲ್ಲಿ ಯಾರ್‍ಯಾರು ಬರಬಹುದು ಎಂದು ಮಕ್ಕಳನ್ನೇ ಕೇಳುತ್ತೇನೆ. ಸರ್ ಇದ್ದಿದ್ದರೆ ವಾದ ಮಾಡುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ.

ಈಗಿನ ಪಠ್ಯಗಳಲ್ಲಿ ತಾಜಮಹಲಿನ ಬಣ್ಣದ ಚಿತ್ರವಿರುತ್ತದೆ, ಕೆಳಗೆ ಬಿಟ್ಟ ಸ್ಥಳ ತುಂಬಿರಿ. ಮಕ್ಕಳು ತುಂಬುತ್ತಾರೆ, ಅಂಕ ಬರುತ್ತದೆ. ಆಗ್ರಾ ಇಲ್ಲಿಂದ ಯಾವ ದಿಕ್ಕಿಗೆ ಎಂದರೆ ಮೇಲೆ ಫ್ಯಾನು ನೋಡುತ್ತಾರೆ.

ಸುವರ್ಣ ಮಹೋತ್ಸವದ ನಿಧಿಯಿಂದ ಬೇವಿನ ಗಿಡದ ಮುಂದಿನ ಬಯಲಿಗೆ ಫರಸಿ ಹಾಕಿಸುತ್ತಾರೆಂದು ಕೇಳಿದೆ. ಹಾಕಿಸುವುದಾದರೆ ಅದರ ಮೇಲೆ ಗಟ್ಟಿ ಬಣ್ಣದಲ್ಲಿ ಭಾರತದ ನಕ್ಷೆ ಬರೆಸಿ. ಅರಬ್ಬಿ ಸಮುದ್ರಕ್ಕೆ ಸಾಕಷ್ಟು ಜಾಗ ಬಿಡಿ, ಲಕ್ಷದ್ವೀಪದವರು ನಿಲ್ಲಬೇಕು. ನಿಕೋಬಾರ್ ಗೇಟಿನ ಹತ್ತಿರಕ್ಕೆ ಬಂದರೂ ಅಡ್ಡಿಯಿಲ್ಲ. ಊರಿನ ಹೆಸರು ಮಾತ್ರ ಒಂದೂ ಬರೆಸಬೇಡಿ. ಖರ್ಚಿನಲ್ಲಿ ನಮ್ಮ ಬ್ಯಾಚಿನ ಪಾಲು ಎಷ್ಟೆಂದು ತಿಳಿಸಿದರೆ ಕಳಿಸಿಕೊಡುತ್ತೇವೆ.