ಇಎಂಡಿಯಿಂದ ವಿನಾಯಿತಿ ಕೇಳಿದ ಕಥೆ

ಮಂಗಳೂರಿನ ಬೈಕಂಪಾಡಿಯ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ನನ್ನ ಕೆಲಸ. ಲೇತಿನ ಮುಂದೆ ಅಲ್ಲ, ಮೇಜಿನ ಮುಂದೆ. ಟೆಂಡರ್ ತುಂಬುವುದು, ಕೊಟೇಶನ್ ಕಳಿಸುವುದು, ಬಾಕಿ ಹಣಕ್ಕೆ ಫೋನ್ ಮಾಡುವುದು ಎಲ್ಲ ನಾನೇ. ಹನ್ನೊಂದು ವರ್ಷ ಆಯಿತು. ಪಂಪಿನ ಶಾಫ್ಟ್, ಫ್ಲೇಂಜ್, ಕ್ರೇನಿನ ಪಿನ್ನು, ಬುಶ್ಶು, ಇವೇ ನಮಗೆ ಅನ್ನ ಹಾಕಿದ್ದು. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳು ದಕ್ಕೆ ಸೇರಿದಾಗ ಬೋಟಿನವರ ರಿಪೇರಿ ಕೆಲಸ ಸ್ವಲ್ಪ ಜಾಸ್ತಿ.

ಮೂರು ವರ್ಷದ ಹಿಂದೆ ನಮ್ಮ ಧಣಿಗಳಿಗೆ ರಕ್ಷಣಾ ಕೆಲಸದ ಹುಚ್ಚು ಹಿಡಿಯಿತು. ಬೆಂಗಳೂರಿನ ಯಾವುದೋ ಸಭೆಗೆ ಹೋಗಿ ಬಂದವರು ನೇರ ನನ್ನ ಮೇಜಿಗೆ ಬಂದರು. "ಇನ್ನು ಮಿಸೈಲಿನ ಪಾರ್ಟ್ಸ್ ಮಾಡುವುದು ಮಾರಾಯ್ತಿ. ಪೇಪರ್ ಕೆಲಸ ಎಲ್ಲ ನೀನು ನೋಡಿಕೋ" ಅಂದರು. ನಾನು ಬಿ.ಕಾಂ. ಮಿಸೈಲ್ ನೋಡಿದ್ದು ಟೀವಿಯಲ್ಲಿ, ಜನವರಿ 26ಕ್ಕೆ. ಆದರೆ ಟೆಂಡರ್ ಎಂದರೆ ಟೆಂಡರ್ ತಾನೇ, ಅದರಲ್ಲಿ ನನಗೆ ಗೊತ್ತಿಲ್ಲದ್ದು ಎಂಥ ಇರಬಹುದು ಅಂದುಕೊಂಡೆ.

ಮೊದಲ ಎನ್‌ಕ್ವೈರಿ ಬಂತು. ಬೆಂಗಳೂರಿನ ಒಂದು ಪಾರ್ಟಿ, ಅವರ ಮೇಲೆ ಹೊರದೇಶದ ಒಂದು ದೊಡ್ಡ ಕಂಪನಿ. ನಲವತ್ತು ಪುಟದ ಪಿಡಿಎಫ್. ಆರನೇ ಪುಟದಲ್ಲಿ ಸಪ್ಲೈಯರ್ ಇಎಂಡಿಗೆ ಏನೇನು ಕೊಡಬೇಕು ಅಂತ ಒಂದು ಭಾಗ ಇತ್ತು. ಓದಲೇ ಇಲ್ಲ ನಾನು. ಇಎಂಡಿ ಎಂದರೆ ಅರ್ನೆಸ್ಟ್ ಮನಿ ಡೆಪಾಸಿಟ್, ಟೆಂಡರಿನ ಜೊತೆ ಇಡುವ ಮುಂಗಡ ಠೇವಣಿ. ನೂರಾರು ಸಲ ತುಂಬಿದ್ದೇನೆ. ಸರ್ಕಾರಿ ಟೆಂಡರಿನಲ್ಲಿ ಸಣ್ಣ ಘಟಕಗಳಿಗೆ ಅದು ಬೇಡ, 2012ರ ಖರೀದಿ ನೀತಿಯಲ್ಲೇ ವಿನಾಯಿತಿ ಉಂಟು. ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ ನಾಲ್ಕು ಸಾಲು ಬರೆದರೆ ಮುಗಿಯಿತು. ಕೈ ತಾನಾಗಿಯೇ ಬರೆಯಿತು: ನಮ್ಮದು ಸಣ್ಣ ಘಟಕ, ದಯವಿಟ್ಟು ನಮಗೆ ಇಎಂಡಿಯಿಂದ ಪೂರ್ತಿ ವಿನಾಯಿತಿ ಕೊಡಬೇಕು.

ಎರಡು ದಿನದಲ್ಲಿ ಉತ್ತರ ಬಂತು. ನಿಮ್ಮ ಕೋರಿಕೆ ಗಮನಿಸಿದ್ದೇವೆ, ಮುಂದೆ ಪ್ರೊಡಕ್ಷನ್ ಶುರುವಾದಾಗ ನಿಮ್ಮನ್ನು ಸಂಪರ್ಕಿಸುತ್ತೇವೆ ಅಂತ. ನನಗೆ ಖುಷಿಯೋ ಖುಷಿ. ಠೇವಣಿ ಉಳಿಯಿತು, ಪ್ರೊಡಕ್ಷನ್ ಆರ್ಡರೂ ಬರುತ್ತದೆ! ಧಣಿಗಳು ಆವತ್ತು ಎಲ್ಲರಿಗೂ ಗೋಳಿಬಜೆ ತರಿಸಿದರು.

ಮೂರು ವಾರ ಕಳೆದ ಮೇಲೆ ಸ್ಯಾಂಪಲ್ ಆರ್ಡರ್ ಬೇರೆ ಎರಡು ಶಾಪ್‌ಗಳಿಗೆ ಹೋಗಿದೆ ಅಂತ ಗೊತ್ತಾಯಿತು. ಫೋನ್ ಮಾಡಿದೆ. ಆ ಕಡೆಯವರು ಪಾಪ, ಮರ್ಯಾದಸ್ಥರು. "ಮೇಡಂ, ನೀವೇ ಇಎಂಡಿ ಬೇಡ ಅಂದಿರಲ್ಲ?" ಅಂದರು.

ಅಮೆರಿಕದ ಸೇನಾ ಖರೀದಿಯಲ್ಲಿ ಇಎಂಡಿ ಎಂದರೆ ಇಂಜಿನಿಯರಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಡೆವಲಪ್‌ಮೆಂಟ್. ಅಲ್ಲಿ ಒಂದು ಆಯುಧ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತದೆ. ಮೊದಲು ತಂತ್ರಜ್ಞಾನ ಹಣ್ಣಾಗಿದೆಯೋ ಇನ್ನೂ ಕಾಯಿಯೋ ಅಂತ ನೋಡುತ್ತಾರೆ. ಮೈಲ್‌ಸ್ಟೋನ್ ಬಿ ಎಂಬ ಒಪ್ಪಿಗೆಯ ಹಂತ ದಾಟಿದರೆ ಇಎಂಡಿ. ಆಗ ಡ್ರಾಯಿಂಗ್ ಗಟ್ಟಿಯಾಗುತ್ತದೆ, ನಮೂನೆಗಳನ್ನು ಮಾಡಿ ಪರೀಕ್ಷೆ ಮಾಡುತ್ತಾರೆ, ಇದನ್ನು ಕಾರ್ಖಾನೆಯಲ್ಲಿ ನಿಜವಾಗಿ ಮಾಡಲು ಆಗುತ್ತದೆಯೇ ಅಂತ ಪರೀಕ್ಷಿಸುತ್ತಾರೆ. ಮೈಲ್‌ಸ್ಟೋನ್ ಸಿ ದಾಟಿದ ಮೇಲೆ ಎಲ್‌ಆರ್‌ಐಪಿ, ಅಂದರೆ ಸಣ್ಣ ಪ್ರಮಾಣದಲ್ಲಿ ಮೊದಲ ಉತ್ಪಾದನೆ. ಆಮೇಲೆ ಪೂರ್ತಿ ಉತ್ಪಾದನೆ.

ಅಂದರೆ ನಾನು ಠೇವಣಿ ಬೇಡ ಎಂದು ಬರೆದದ್ದನ್ನು ಅವರು 'ನಮಗೆ ಡೆವಲಪ್‌ಮೆಂಟ್ ಕೆಲಸ ಬೇಡ' ಎಂದು ಓದಿದರು. ಓದಿದ್ದು ಸರಿಯೇ. ಡೆವಲಪ್‌ಮೆಂಟಿನಲ್ಲಿ ಯಾರು ತುಂಡು ಮಾಡಿ ಕೊಟ್ಟು, ಮೊದಲ ತುಂಡಿನ ಇನ್‌ಸ್ಪೆಕ್ಷನ್ ಪಾಸು ಮಾಡಿಸಿಕೊಂಡರೋ ಅವರಿಗೇ ಮುಂದಿನ ಆರ್ಡರ್ ಹೋಗುವುದು. ಮಧ್ಯದಲ್ಲಿ ಹೊಸಬರನ್ನು ಸೇರಿಸಿದರೆ ಇನ್‌ಸ್ಪೆಕ್ಷನ್ ಎಲ್ಲ ಮತ್ತೆ ಮೊದಲಿಂದ. ಅದು ಯಾರಿಗೆ ಬೇಕು?

ನನಗೆ ಗೊತ್ತಿಲ್ಲದ ಪದ ಆಗಿದ್ದರೆ ನಾನು ಖಂಡಿತ ಕೇಳುತ್ತಿದ್ದೆ. ಅದೇ ಪುಟದಲ್ಲಿ ಎಲ್‌ಆರ್‌ಐಪಿ ಅಂತಲೂ ಇತ್ತು. ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಇಟ್ಟಿದ್ದೆ. ಇಎಂಡಿ ಗೊತ್ತಿತ್ತು, ಹಾಗಾಗಿ ಕೆಟ್ಟಿತು. ಮಂಗಳೂರಿಗೆ ಹೊಸದಾಗಿ ಬಂದವರಿಗೆ ಬಸ್ಸಿನಲ್ಲಿ 'ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್' ಅಂತ ಕೂಗುವುದು ಕೇಳಿದರೆ ಏನನಿಸುತ್ತದೆ? ಬ್ಯಾಂಕು ಅಂತ. ನಮಗೆ ಅದು ಬಸ್ ಸ್ಟ್ಯಾಂಡ್. ಕೆಪಿಟಿ, ಪಿವಿಎಸ್ ಅಂದಾಗ ಹೊಸಬರು ಪಕ್ಕದವರನ್ನು ಕೇಳಿ ಸರಿಯಾದ ಜಾಗದಲ್ಲಿ ಇಳಿಯುತ್ತಾರೆ. ಸ್ಟೇಟ್ ಬ್ಯಾಂಕ್ ಅಂದರೆ ಯಾರನ್ನೂ ಕೇಳುವುದಿಲ್ಲ.

ನಾನೊಬ್ಬಳೇ ಬಿದ್ದದ್ದಲ್ಲ ಅನ್ನುವುದು ಸಣ್ಣ ಸಮಾಧಾನ. ಮುಂದಿನ ಫಾರ್ಮಿನಲ್ಲಿ ಐಸಿ ಶೇಕಡ ಎಷ್ಟು ಅಂತ ಒಂದು ಖಾನೆ ಇತ್ತು. ಬುದ್ಧಿ ಬಂದಿತ್ತಲ್ಲ, ಟೆಕ್ನಿಕಲ್ ವಿಷಯ ಟೆಕ್ನಿಕಲ್ ಜನವೇ ತುಂಬಲಿ ಎಂದು ಕ್ವಾಲಿಟಿಯ ಅಣ್ಣನಿಗೆ ಕೊಟ್ಟೆ. ಅವರು ತುಂಬ ಅಚ್ಚುಕಟ್ಟಾಗಿ ಬರೆದರು: 'ಸೊನ್ನೆ. ಇದು ಮೆಕ್ಯಾನಿಕಲ್ ಪಾರ್ಟ್, ಇದರಲ್ಲಿ ಐಸಿ ಇಲ್ಲ.' ಅವರ ಮನಸ್ಸಿನಲ್ಲಿ ಇದ್ದದ್ದು ಸರ್ಕ್ಯೂಟ್ ಬೋರ್ಡಿನ ಮೇಲಿನ ಚಿಪ್ಪು. ಫಾರ್ಮ್ ಕೇಳಿದ್ದು ಇಂಡಿಜಿನಸ್ ಕಂಟೆಂಟ್, ಸ್ವದೇಶಿ ಅಂಶ. ಬೈಕಂಪಾಡಿಯಲ್ಲಿ ಕಡೆದು, ಇಲ್ಲೇ ಡ್ರಿಲ್ ಮಾಡಿ, ಇಲ್ಲಿಂದಲೇ ಲಾರಿ ಹತ್ತುವ ತುಂಡು ಪೂರ್ತಿ ವಿದೇಶಿ ಅಂತ ನಾವೇ ಸಹಿ ಹಾಕಲು ಹೊರಟಿದ್ದೆವು!

ಈ ಐಸಿ ಸುಮ್ನೆ ಕೇಳುವ ಲೆಕ್ಕ ಅಲ್ಲ. ನಮ್ಮ ದೇಶದ ಡಿಎಪಿ 2020, ಅಂದರೆ ರಕ್ಷಣಾ ಖರೀದಿಯ ನಿಯಮ ಪುಸ್ತಕ, ಇಡೀ ಖರೀದಿಯನ್ನೇ ಅದರ ಮೇಲೆ ವಿಂಗಡಿಸುತ್ತದೆ. ಎಲ್ಲಕ್ಕಿಂತ ಮೊದಲ ಆದ್ಯತೆ ಬೈ ಇಂಡಿಯನ್ ಐಡಿಡಿಎಂಗೆ. ಇಲ್ಲೇ ವಿನ್ಯಾಸ ಆಗಿ, ಇಲ್ಲೇ ಅಭಿವೃದ್ಧಿಯಾಗಿ, ಇಲ್ಲೇ ತಯಾರಾದ ವಸ್ತು ಎಂದರ್ಥ. ಅದಕ್ಕೆ ಕನಿಷ್ಠ ಶೇಕಡ 50 ಸ್ವದೇಶಿ ಅಂಶ ಬೇಕು. ಅದನ್ನು ಲೆಕ್ಕ ಹಾಕುವುದು ತುಂಡಿನ ತೂಕದಲ್ಲಿ ಅಲ್ಲ, ಹಣದಲ್ಲಿ. ತೆರಿಗೆ ಬಿಟ್ಟು ಉಳಿದ ಬೆಲೆಯಲ್ಲಿ ಹೊರದೇಶಕ್ಕೆ ಹೋದ ದುಡ್ಡು ಕಳೆಯಬೇಕು. ನಮಗಿಂತ ಕೆಳಗೆ ಸಾಮಾನು ಕೊಡುವವರು ಏನನ್ನಾದರೂ ಹೊರಗಿನಿಂದ ತರಿಸಿದ್ದರೆ ಅದೂ ಕಳೆಯಬೇಕು. ಹಾಗಾಗಿ ಅಲ್ಯೂಮಿನಿಯಂ ಬಾರ್ ಎಲ್ಲಿಂದ ಬಂತು ಅಂತ ಈಗ ನಾನು ಅಂಗಡಿಯವನಿಗೆ ದಿನಾ ಫೋನ್ ಮಾಡುವವಳಾಗಿದ್ದೇನೆ.

ಇನ್ನು ಸಿಎನ್‌ಸಿ. ಮೆಷಿನ್ ಶಾಪ್‌ನವರಿಗೆ ಈ ಮೂರು ಅಕ್ಷರ ಕಲಿಸಬೇಕೇ? ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಮೆಷಿನ್ ಅದು. ಒಂದು ಕಡೆಯಿಂದ ಪತ್ರ ಬಂತು, ಗುರುವಾರ 11 ಗಂಟೆಗೆ ಸಿಎನ್‌ಸಿ, ಅಧಿಕಾರ ಪತ್ರ ಇರುವವರು ಹಾಜರಿರಬೇಕು ಅಂತ. ನಮ್ಮ ಸಿಎನ್‌ಸಿ ಮೆಷಿನ್ ನೋಡಲು ಬರುತ್ತಾರೆ ಎಂದುಕೊಂಡು ಇಡೀ ಬುಧವಾರ ಶಾಪ್ ಗುಡಿಸಿ, ನೆಲಕ್ಕೆ ಹಳದಿ ಗೆರೆ ಎಳೆಸಿ, ಆಪರೇಟರಿಗೆ ಹೊಸ ಶೂ ಕೊಡಿಸಿದ್ದಾಯಿತು. ಸಂಜೆ ನನಗೆ ಯಾಕೋ ಸಂಶಯ. ನೋಡಲು ಬರುವುದಾದರೆ ಅಧಿಕಾರ ಪತ್ರ ನಮ್ಮಲ್ಲಿ ಯಾಕೆ ಕೇಳುತ್ತಾರೆ? ಈ ಸಲ ಫೋನ್ ಮಾಡಿದೆ. ಅದು ಕಾಂಟ್ರಾಕ್ಟ್ ನೆಗೋಷಿಯೇಶನ್ ಕಮಿಟಿ, ದರ ಮಾತಾಡುವ ಸಭೆ. ನಾವೇ ಅಲ್ಲಿಗೆ ಹೋಗಬೇಕಿತ್ತು. ಧಣಿಗಳು ರಾತ್ರಿ ಬಸ್ಸಿಗೆ ಓಡಿದರು. ಹಳದಿ ಗೆರೆ ಮಾತ್ರ ಈಗಲೂ ಚೆನ್ನಾಗಿ ಉಂಟು.

ಇವೆಲ್ಲ ನಗುವ ವಿಷಯ. ದುಡ್ಡು ಹೋಗಬಹುದಾದ ಪದ ಬೇರೆಯೇ ಇದೆ: ಎಒಎನ್. ಆಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ. ಪತ್ರಿಕೆಯಲ್ಲಿ 'ಇಷ್ಟು ಸಾವಿರ ಕೋಟಿ ರೂಪಾಯಿ ಶಸ್ತ್ರಾಸ್ತ್ರ ಖರೀದಿಗೆ ಅಸ್ತು' ಎಂದು ಬರುತ್ತದಲ್ಲ, ಹೆಚ್ಚಿನ ಸಲ ಅದು ಇದೇ. 2025ರ ಜುಲೈ 3ರಂದು ಡಿಎಸಿ ಸುಮಾರು 1.05 ಲಕ್ಷ ಕೋಟಿ ರೂಪಾಯಿಯ ಹತ್ತು ಪ್ರಸ್ತಾಪಗಳಿಗೆ ಎಒಎನ್ ಕೊಟ್ಟಿತು. ಡಿಎಸಿ ಎಂದರೆ ರಕ್ಷಣಾ ಸಚಿವರ ಅಧ್ಯಕ್ಷತೆಯ ಖರೀದಿ ಮಂಡಳಿ. ಆ ಪಟ್ಟಿಯಲ್ಲಿ ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿಗಳೂ ಇದ್ದವು. ಸಂಜೆ ಧಣಿಗಳ ಫೋನ್. "ನೋಡಿದೆಯಾ? ಪಾಸಾಯಿತು. ಆ ಐದು ಆಕ್ಸಿಸ್ ಮೆಷಿನಿಗೆ ಅಡ್ವಾನ್ಸ್ ಕೊಡುವ."

"ಸರ್, ಬೇಡ" ಅಂದೆ. ಅಷ್ಟು ಧೈರ್ಯ ಬಂದದ್ದು ಇಎಂಡಿ ಪೆಟ್ಟಿನ ನಂತರವೇ.

ಎಒಎನ್ ಎಂದರೆ ಇದು ಬೇಕು ಅಂತ ಒಪ್ಪಿದ್ದು, ಅಷ್ಟೇ. ನಮ್ಮ ಮನೆಯಲ್ಲಿ 'ಹುಡುಗನಿಗೆ ಮದುವೆ ಮಾಡಬೇಕು' ಅಂತ ಹಿರಿಯರು ತೀರ್ಮಾನ ಮಾಡಿದ ಹಾಗೆ. ಹುಡುಗಿ ನೋಡುವುದು, ಜಾತಕ, ಹಾಲ್ ಬುಕಿಂಗ್ ಎಲ್ಲ ಇನ್ನೂ ಮುಂದೆ. ಆಮೇಲೆ ಆರ್‌ಎಫ್‌ಪಿ ಹೊರಡಬೇಕು, ಅಂದರೆ ಕಂಪನಿಗಳಿಂದ ಪ್ರಸ್ತಾವ ಕೇಳಬೇಕು. ಬಂದದ್ದನ್ನು ಟಿಇಸಿ, ತಾಂತ್ರಿಕ ಸಮಿತಿ, ಕಾಗದದ ಮೇಲೆ ಅಳೆಯಬೇಕು. ಆಮೇಲೆ ಫೀಲ್ಡ್ ಟ್ರಯಲ್. ಅಲ್ಲಿ ಪಾಸಾದವರಲ್ಲಿ ಕಡಿಮೆ ದರದವನು ಎಲ್1. ಅವನ ಜೊತೆ ಸಿಎನ್‌ಸಿ, ಹಣದ ಅಧಿಕಾರ ಇರುವವರ ಒಪ್ಪಿಗೆ, ದೊಡ್ಡ ಮೊತ್ತವಾದರೆ ಪ್ರಧಾನಿ ಅಧ್ಯಕ್ಷತೆಯ ಸಿಸಿಎಸ್, ಅಂದರೆ ಭದ್ರತೆಯ ಸಂಪುಟ ಸಮಿತಿ. ಆಮೇಲೆ ಸಹಿ. ಅದಾದ ಮೇಲೆ ದೊಡ್ಡ ಕಂಪನಿ, ಅದರ ಕೆಳಗಿನ ಕಂಪನಿ, ಅದರ ಕೆಳಗೆ ನಾವು. ನಡುವೆ ವರ್ಷಗಳೇ ಹೋಗಬಹುದು. ಗೊತ್ತಾದ ಸಮಯದಲ್ಲಿ ಆರ್‌ಎಫ್‌ಪಿ ಹೊರಡದಿದ್ದರೆ ಎಒಎನ್ ತನ್ನಷ್ಟಕ್ಕೆ ಸತ್ತೂ ಹೋಗುತ್ತದೆ. ಬ್ಯಾಂಕಿನವನು ಕಂತು ಕೇಳುವಾಗ ಇದನ್ನೆಲ್ಲ ಕೇಳುವುದಿಲ್ಲ, ಅಲ್ವಾ?

ಮೆಷಿನ್ ಬರಲಿಲ್ಲ. ಧಣಿಗಳು ಎರಡು ದಿನ ನನ್ನಲ್ಲಿ ಸರಿ ಮಾತಾಡಲಿಲ್ಲ.

ಖರೀದಿಯ ಪದಗಳು ಕೆಲಸಕ್ಕೆ ಬೇಕಾದವು. ಕ್ಷಿಪಣಿ ರಕ್ಷಣೆಯ ಪದಗಳನ್ನು ನಾನು ಓದತೊಡಗಿದ್ದು ಕುತೂಹಲಕ್ಕೆ. ಬಿಎಂಡಿ ಎಂದರೆ ಬ್ಯಾಲಿಸ್ಟಿಕ್ ಮಿಸೈಲ್ ಡಿಫೆನ್ಸ್, ಬರುವ ಕ್ಷಿಪಣಿಯನ್ನು ಇನ್ನೊಂದು ಕ್ಷಿಪಣಿ ಬಿಟ್ಟು ಹೊಡೆಯುವುದು. ನಮ್ಮ ದೇಶದ್ದರಲ್ಲಿ ಎರಡು ಪದರ. ಮೇಲಿನದಕ್ಕೆ ಮೊದಲು ಬಂದದ್ದು ಪಿಎಡಿ, ಪೃಥ್ವಿ ಏರ್ ಡಿಫೆನ್ಸ್. 2006ರ ನವೆಂಬರ್ 27ರಂದು ಮೊದಲ ಪರೀಕ್ಷೆಯಲ್ಲೇ ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ ಗುರಿ ಹೊಡೆಯಿತು. ಕೆಳಗಿನದು ಎಎಡಿ, ಅಡ್ವಾನ್ಸ್ಡ್ ಏರ್ ಡಿಫೆನ್ಸ್. 2007ರ ಡಿಸೆಂಬರ್ 6ರಂದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಎಎಡಿ ಅಂತ ಕನ್ನಡದಲ್ಲಿ ಬರೆದರೆ ತೊದಲಿದ ಹಾಗೆ ಕಾಣುತ್ತದೆ, ಏನು ಮಾಡುವುದು.

ಅಮೆರಿಕದ ಇಂಥದ್ದೇ ಕ್ಷಿಪಣಿ ತಡೆ ವ್ಯವಸ್ಥೆ ಥಾಡ್ (THAAD) ಇನ್ನೂ ಮಜಾ. ಮೊದಲ ಅಕ್ಷರ ಟಿ ಹಿಂದೆ ಥಿಯೇಟರ್ ಎಂದಿತ್ತು, ಯುದ್ಧಭೂಮಿ ಎಂಬ ಅರ್ಥದಲ್ಲಿ. 2004ರಲ್ಲಿ ಟರ್ಮಿನಲ್ ಎಂದು ಬದಲಾಯಿಸಿದರು, ಕ್ಷಿಪಣಿ ಕೆಳಗಿಳಿಯುವ ಕೊನೆಯ ಹಂತ ಅಂತ. ಅಕ್ಷರ ಅದೇ, ಅರ್ಥ ಬೇರೆ. ಹಳೆಯ ಕಾಗದ ಓದುವವರು ವರ್ಷ ನೋಡದಿದ್ದರೆ ಕೆಟ್ಟರು.

ಕ್ವಾಲಿಟಿ ಅಣ್ಣನಿಗೆ ಇಷ್ಟವಾದದ್ದು ಸಿಇಪಿ, ಸರ್ಕ್ಯುಲರ್ ಎರರ್ ಪ್ರಾಬಬಲ್. ಒಂದು ಕ್ಷಿಪಣಿಯ ಸಿಇಪಿ ಹತ್ತು ಮೀಟರ್ ಅಂದರೆ ಅದು ಗುರಿಯ ಸುತ್ತ ಹತ್ತು ಮೀಟರಿನ ಒಳಗೇ ಬೀಳುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳುತ್ತಿದ್ದರು. ನಮ್ಮ ಡ್ರಾಯಿಂಗಿನ ಟಾಲರೆನ್ಸ್ ಹಾಗೆಯೇ ತಾನೇ, ಗೆರೆಯಾಚೆ ಹೋದ ತುಂಡು ರಿಜೆಕ್ಟ್. ಸಿಇಪಿ ಹಾಗಲ್ಲ. ಬಿಟ್ಟದ್ದರಲ್ಲಿ ಅರ್ಧದಷ್ಟು ಆ ವೃತ್ತದೊಳಗೆ ಬಿದ್ದರೆ ಸಾಕು, ಉಳಿದರ್ಧ ಹೊರಗೆ. "ಅರ್ಧಕ್ಕರ್ಧ ರಿಜೆಕ್ಷನ್ನಾ? ನಾನಾದರೆ ಆ ಲಾಟನ್ನೇ ವಾಪಸ್ ಕಳಿಸುತ್ತಿದ್ದೆ" ಅಂದರು. ಒಂದೇ ಗುರಿಗೆ ಎರಡು ಇಂಟರ್‌ಸೆಪ್ಟರ್, ಅಂದರೆ ತಡೆಯುವ ಕ್ಷಿಪಣಿ, ಬಿಡುವ ಲೆಕ್ಕ ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಒಂದು ಹೊಡೆಯುವ ಸಾಧ್ಯತೆ ನೂರಕ್ಕೆ 80 ಅಂತ ಇಟ್ಟುಕೊಳ್ಳಿ. ಒಂದರ ತಪ್ಪು ಇನ್ನೊಂದಕ್ಕೆ ತಾಗದಿದ್ದರೆ, ಎರಡೂ ತಪ್ಪುವ ಸಾಧ್ಯತೆ ನೂರಕ್ಕೆ ಬರೀ 4.

ಈಗ ನನ್ನ ಹತ್ತಿರ ಒಂದು ಉದ್ದ ನೋಟ್‌ಬುಕ್ ಉಂಟು, ದಿನಸಿ ಅಂಗಡಿಯವರು ಉದ್ರಿ ಬರೆಯುವಂಥದ್ದು. ಅದರಲ್ಲಿ ಅಕ್ಷರಗಳ ಪೂರ್ಣರೂಪ ಬರೆದು ಸುಮ್ಮನಾಗುವುದಿಲ್ಲ. ಯಾರ ಕಾಗದ, ಯಾವ ಪುಟ, ಈ ಪದ ನಮ್ಮಿಂದ ಏನು ಕೇಳುತ್ತದೆ, ಇಷ್ಟನ್ನೂ ಬರೆಯುತ್ತೇನೆ. ಇಎಂಡಿಗೆ ಎರಡು ಸಾಲು: ಒಂದು ದುಡ್ಡು ಕೇಳುತ್ತದೆ, ಇನ್ನೊಂದು ತುಂಡು ಕೇಳುತ್ತದೆ. ಎಸ್‌ಎಎಂಗೂ ಎರಡು. ಒಂದು ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ. ಇನ್ನೊಂದು ಅಮೆರಿಕ ಸರ್ಕಾರದ ಟೆಂಡರ್‌ಗಳು ಬರುವ ಜಾಲತಾಣ. ನೋಟ್‌ಬುಕ್ ನೋಡಿದ ನನ್ನ ಅತ್ತಿಗೆ, ಅಂಗನವಾಡಿ ಟೀಚರ್, ಮೂರನೆಯದನ್ನೂ ಸೇರಿಸಿದಳು: ತೀವ್ರ ಅಪೌಷ್ಟಿಕತೆ ಇರುವ ಮಗು.

ಹೋದ ವಾರ ಹೊಸ ಎನ್‌ಕ್ವೈರಿ ಬಂದಿದೆ. ಅದೇ ಹಳೆಯ ಪಾರ್ಟಿ, ನಮ್ಮನ್ನು ಇನ್ನೂ ಮರೆತಿಲ್ಲ. ಒಂದು ಕಡೆ 'ಎಂಡಿಎ ಒಪ್ಪಿಗೆಯ ನಂತರ ಸ್ಯಾಂಪಲ್' ಅಂತ ಇದೆ. ಅಮೆರಿಕದ ಒಂದೇ ರಕ್ಷಣಾ ಇಲಾಖೆಯಲ್ಲಿ ಎಂಡಿಎ ಎರಡು. ಮೈಲ್‌ಸ್ಟೋನ್ ದಾಟಲು ಒಪ್ಪಿಗೆ ಕೊಡುವ ಅಧಿಕಾರಿ ಮೈಲ್‌ಸ್ಟೋನ್ ಡಿಸಿಷನ್ ಅಥಾರಿಟಿ. 2002ರಲ್ಲಿ ಈ ಹೆಸರು ಪಡೆದ ಕ್ಷಿಪಣಿ ರಕ್ಷಣಾ ಸಂಸ್ಥೆ ಮಿಸೈಲ್ ಡಿಫೆನ್ಸ್ ಏಜೆನ್ಸಿ. ಹಿಂದೆ ಮಂಗಳೂರಿಗೂ ಮೂಡಾ, ಮೈಸೂರಿಗೂ ಮೂಡಾ ಇದ್ದ ಹಾಗೆ. ನಿಮ್ಮದು ಯಾವ ಎಂಡಿಎ ಅಂತ ಒಂದೇ ಸಾಲಿನ ಮೇಲ್ ಹಾಕಿದೆ. ಉತ್ತರ ಬಂತು: ಒಳ್ಳೆಯ ಪ್ರಶ್ನೆ ಮೇಡಂ, ನಾವೂ ಕೇಳಿ ಹೇಳುತ್ತೇವೆ.

ಇವತ್ತಿಗೆ ನಾಲ್ಕು ದಿನ. ಕೊಟೇಶನ್ ಡ್ರಾಫ್ಟಿನಲ್ಲೇ ಇದೆ. ಧಣಿಗಳು ಕಳಿಸು ಕಳಿಸು ಅಂತ ದಿನಕ್ಕೆರಡು ಸಲ ಬಂದು ಹೋಗುತ್ತಿದ್ದಾರೆ. ನಾನು ಕಳಿಸಿಲ್ಲ.