ಸ್ಪ್ರೇ ಮಾದರಿ: ಹಿಂದಿನ ಕಂಬ ಕೊನೆಗೂ ನೆಟ್ಟಗೆ ನಿಂತಿತು

ಗೆದ್ದೆ! ನಾನು ಕಟ್ಟುತ್ತಿರೋ ಸ್ಪ್ರೇ ಅನ್ನೋ ಹಾಯಿದೋಣಿಯ ಪುಟ್ಟ ಮಾದರಿಯಲ್ಲಿ ಜಿಗ್ಗರ್ ಕಂಬ, ಅಂದರೆ ಹಿಂದಿನ ಪುಟ್ಟ ಹಾಯಿಕಂಬ, ಈಗ ಒಂದಿಷ್ಟೂ ವಾಲುತ್ತಿಲ್ಲ.

ಹಲ್ (ದೋಣಿಯ ಒಡಲು), ಡೆಕ್, ಬಣ್ಣದ ಕತೆ ಇಲ್ಲಿ ಬಿಡಿ. 1:24 ಅಳತೆ, 36 ಅಡಿ 9 ಇಂಚಿನ ದೋಣಿ ಇಲ್ಲಿ ಸುಮಾರು 47 ಸೆಂ.ಮೀ. ನಾವಿಕ ಜೋಶುವಾ ಸ್ಲೋಕಮ್ 1895ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಒಬ್ಬನೇ ಹೊರಟಾಗ ಇದು ಒಂದೇ ಕಂಬದ ಸ್ಲೂಪ್. ದಕ್ಷಿಣ ಅಮೆರಿಕದ ಕಡಲಲ್ಲಿ ಬೂಮ್ (ಹಾಯಿಯ ಕೆಳಗಿನ ಅಡ್ಡಮರ), ಬೋಸ್ಪ್ರಿಟ್ (ಮುಂದಕ್ಕೆ ಚಾಚಿದ ಮರ) ಎರಡನ್ನೂ ಮೋಟು ಮಾಡಿ, ಹಿಂದೆ ಪುಟ್ಟ ಕಂಬ ನಿಲ್ಲಿಸಿ ಯಾಲ್ ಮಾಡಿಕೊಂಡ. ಭೂಮಿ ಸುತ್ತಿ 1898ರಲ್ಲಿ ವಾಪಸ್ ಬಂದದ್ದು ಆ ರೂಪದಲ್ಲೇ. ಎರಡನೇ ಕಂಬ ಚುಕ್ಕಾಣಿಗಿಂತ ಹಿಂದಿದ್ದರೆ ಯಾಲ್, ಮುಂದಿದ್ದರೆ ಕೆಚ್. ಒಂದೇ ದೋಣಿಯಲ್ಲಿ ಎರಡು ರಿಗ್ (ಕಂಬ, ಹಾಯಿಗಳ ಜೋಡಣೆ) ಕಲಿಯಬಹುದು, ಅದಕ್ಕೇ ಇದು ನನಗಿಷ್ಟ.

ಕಾಟ ಕೊಟ್ಟದ್ದು ಆ ಪುಟ್ಟ ಕಂಬವೇ. ಅದು ನಿಲ್ಲೋದು ದೋಣಿಯ ಹಿಂತುದಿಯಲ್ಲಿ, ಅರ್ಧವೃತ್ತದ ಆಧಾರದ ಮೇಲೆ. ಅಲ್ಲಿ ಅಗಲವೇ ಇಲ್ಲ. ಶ್ರೌಡ್‌ಗಳನ್ನು, ಅಂದರೆ ಕಂಬವನ್ನು ಎರಡೂ ಬದಿಯಿಂದ ಹಿಡಿಯೋ ಹಗ್ಗಗಳನ್ನು, ದೂರಕ್ಕೆ ಕಟ್ಟಿದರೆ ಸ್ವಲ್ಪ ಬಿಗಿದರೂ ಸಾಕು. ಕಂಬದ ಹತ್ತಿರವೇ ಕಟ್ಟಿದರೆ ಅದೇ ಹಿಡಿತಕ್ಕೆ ತುಂಬಾ ಜಾಸ್ತಿ ಎಳೆಯಬೇಕು. ಎಡಗಡೆ ಎಳೆದರೆ ಕಂಬ ಎಡಕ್ಕೇ ವಾಲುತ್ತಿತ್ತು.

ಜೊತೆಗೆ ದಾರದ ರಗಳೆ. ಪಾಲಿಯೆಸ್ಟರ್ ಅಂತ ಅಂಗಡಿಯವರು ಕಳಿಸಿದ್ದು ನೈಲಾನ್! ಮಳೆಗಾಲದ ತೇವ ಹೀರಿ ಅದು ಉದ್ದವಾಗುತ್ತದೆ. ರಾತ್ರಿ ಬಿಗಿದದ್ದು ಬೆಳಗ್ಗೆ ಬಟ್ಟೆ ಒಣಗಿಸೋ ಹಗ್ಗದ ಹಾಗೆ ಜೋಲು. ಫೋನ್ ಮಾಡಿದರೆ "ಎರಡೂ ಒಂದೇ ಸಾರ್" ಅಂದರು. ಒಂದೇ ಹೇಗಾಗುತ್ತೆ ಸ್ವಾಮಿ?

ದರ್ಜಿಗಳ ಸಾಮಾನಿನ ಅಂಗಡಿಯಲ್ಲಿ ಒಳ್ಳೆಯ ಪಾಲಿಯೆಸ್ಟರ್ ದಾರ ಸಿಕ್ಕಿತು. ಜೇನುಮೇಣದ ಮೇಲೆ ಎಳೆದು ನವಿರು ಮಾಡಿದೆ. ಎರಡೂ ಬದಿಗೆ ಒಂದೇ ಎಳೆ: ಕಂಬದ ತಲೆಗೆ ಸುತ್ತಿ, ತುದಿಗಳನ್ನು ಡೆಡ್‌ಐ (ಹಗ್ಗ ಬಿಗಿಯೋ ತೂತಿನ ಬಿಲ್ಲೆ) ತೂತಿನಿಂದ ಇಳಿಸಿ, ಒಂದೇ ತೂಕದ ನಟ್ ನೇತುಹಾಕಿದೆ. ರಾತ್ರಿಯಿಡೀ ಹಾಗೇ ಬಿಟ್ಟೆ. ಎರಡೂ ಕಡೆ ಎಳೆತ ಸಮ ಆಯ್ತು, ಕಂಬ ನೆಟ್ಟಗಾಯ್ತು. ಆಮೇಲೇ ಗಂಟು, ಅಂಟು.

ಹಳೇ ಅಳತೆಯ ಬೂಮ್ ಇಟ್ಟು ನೋಡಿದೆ. ಜಿಗ್ಗರ್‌ಗೆ ಸೀದಾ ಬಡಿಯಿತು! ಸ್ಲೋಕಮ್ ಬೂಮ್ ಯಾಕೆ ಕತ್ತರಿಸಿದ ಅಂತ ಆಗಲೇ ಕೈಗೆ ತಿಳಿದದ್ದು.

ಮುಂದಿನ ಮಾದರಿ ಮಂಗಳೂರು ಹಳೇ ಬಂದರಿನ ಮಂಜಿ, ಅಂದರೆ ಸರಕು ಸಾಗಿಸೋ ಹಾಯಿದೋಣಿ. ಅದರ ಓರೆ ಹಾಯಿಗೆ ಉದ್ದನೆಯ ಅಡ್ಡಮರ ಬೇಕು. ಗಾಳಿ ಬದಿ ಬದಲಾದಂತೆ ಕಂಬ ಹಿಡಿಯುವ ಹಗ್ಗಗಳನ್ನೂ ಬದಲಿಸಿ ಕಟ್ಟಬೇಕು. ಹಾಗಾಗಿ ಬಿಚ್ಚಿ ಕಟ್ಟುವಂಥ ಗಂಟುಗಳನ್ನು ಈಗಿಂದಲೇ ಅಭ್ಯಾಸ ಮಾಡ್ತಿದ್ದೇನೆ. ಅಷ್ಟರೊಳಗೆ ಸ್ಪ್ರೇಗೆ ಹಾಲ್ಯಾರ್ಡ್ (ಹಾಯಿ ಏರಿಸೋ ಹಗ್ಗ), ಶೀಟ್ (ಹಾಯಿ ತಿರುಗಿಸೋ ಹಗ್ಗ) ಎಲ್ಲ ಕಟ್ಟಿ ಮುಗಿಸಬೇಕು.