ಹೊಸ ಕಂಪ್ಯೂಟರ್ ತಂದ್ರು, ಹಳೇವೂ ನಿಂತೋದ್ವು

ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿ, ಹೆಸರು ಬೇಡ, ಕಂಪ್ಯೂಟರ್ ಕೆಟ್ರೆ ನನ್ನನ್ನ ಕರೀತಾರೆ. ಬಿಲ್ಲಿಂಗ್‌ಗೆ ಮುಂದಗಡೆ ಕೂತಿರೋ ಕಂಪ್ಯೂಟರ್‌ಗಳೆಲ್ಲಾ ಡೇಟಾ ತಗೊಳ್ಳೋದು ಗೋಡೌನ್ ಪಕ್ಕದ ರೂಮಲ್ಲಿ ಟೇಬಲ್ ಕೆಳಗೆ ಇಟ್ಟಿರೋ ಒಂದು ಮಾಮೂಲಿ ಡೆಸ್ಕ್‌ಟಾಪಿಂದ, ಅದಕ್ಕೆ ಇವ್ರೆಲ್ಲಾ ಗೌರವದಿಂದ ಸರ್ವರ್ ಅಂತಾರೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಮೇಲೆ ಬೆರಳಲ್ಲಿ ಹೆಸರು ಬರೆಯೋಷ್ಟು ನಾರಿನ ಧೂಳು. ಒಳಗಿರೋದು ಎಸ್‌ಕ್ಯೂಎಲ್ ಸರ್ವರ್ 2014 ಎಕ್ಸ್‌ಪ್ರೆಸ್, ಅಂದ್ರೆ ಡೇಟಾ ಇಟ್ಟು ಕೇಳಿದಾಗ ಕೊಡೋ ಮೈಕ್ರೋಸಾಫ್ಟ್ ಸಾಫ್ಟ್‌ವೇರಿನ ಬಿಟ್ಟಿ ಎಡಿಷನ್. 2014ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2024ರ ಜುಲೈಗೇ ಮುಗಿದೋಯ್ತು, ಆದ್ರೆ ರೈತರ ಪಟ್ಟಿ ಪ್ರಿಂಟ್ ಆಗ್ತಾ ಇರೋವರ್ಗೂ ಅದನ್ನ ಯಾರು ಕೇಳ್ತಾರೆ.

ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತಲ್ಲ, ಆ ಸುದ್ದಿ ಮಾತ್ರ ಸಾಹುಕಾರ್ರ ಕಿವಿಗೆ ಬಿದ್ದು ಒಂದು ವಿಂಡೋಸ್ 11 ಕಂಪ್ಯೂಟರ್ ತರಿಸಿದ್ರು. ಅದೇ ವಾರ ಇಂಟರ್ನೆಟ್ ಹುಡುಗ ಬಂದು ರೂಟರ್ ಬದಲಾಯಿಸಿ ಹೋಗಿದ್ದ, ಇದನ್ನ ನಂಗೆ ಯಾರೂ ಹೇಳ್ಲಿಲ್ಲ, ಆಮೇಲೆ ನಾನೇ ಗೋಡೆ ಮೇಲೆ ನೋಡಿದ್ದು. ಹರಾಜಿನ ದಿನ ಬೆಳಿಗ್ಗೆ ಫೋನು. "ಹೊಸಾದು ತಂದ್ವಿ ಸಾರ್, ಅದೂ ಓಪನ್ ಆಗ್ತಿಲ್ಲ, ಅದು ಬಂದ್ಮೇಲೆ ಹಳೇವೂ ನಿಂತೋದ್ವು, ಅದ್ರಲ್ಲೇ ವೈರಸ್ ಬಂದಿರ್ಬೇಕು." ಹಮಾಲರು ಮೂಟೆ ಇಳಿಸ್ತಾ ಇರೋ ಸದ್ದು ಹಿಂದಗಡೆ ಕೇಳ್ತಿತ್ತು.

ಸ್ಕ್ರೀನ್ ಫೋಟೋ ಕಳ್ಸಿ ಅಂದೆ, ಒಂದಲ್ಲ, ಎಲ್ಲಾ ಕಂಪ್ಯೂಟರಿಂದೂ. ನೋಡಿದ್ರೆ ಹೊಸದ್ರಲ್ಲಿ ಪ್ರೋಗ್ರಾಂ ಶುರುವೇ ಆಗ್ದೆ 0ಎಕ್ಸ್‌ಸಿ000007ಬಿ ಅಂತ ಡಬ್ಬಿ ಬಂದಿದೆ, ಹಳೇವ್ರಲ್ಲಿ ಲಾಗಿನ್ ಕಿಟಕಿ ನೆಟ್ಟಗೆ ಬಂದು ಪಾಸ್‌ವರ್ಡ್ ಹೊಡೆದ್ಮೇಲೆ ಎರರ್ 26, ಸರ್ವರ್ ಸಿಗ್ತಿಲ್ಲ ಅಂತ. ಅಂದ್ರೆ ಹಳೇವ್ರಲ್ಲಿ ಪ್ರೋಗ್ರಾಂ ಏನೂ ಆಗಿಲ್ಲ, ದಾರಿ ತಪ್ಪಿದೆ. ಹೊಸದ್ರಲ್ಲಿ ದಾರಿ ಕೇಳೋ ಮಟ್ಟಕ್ಕೂ ಹೋಗಿಲ್ಲ. ಎರಡಕ್ಕೂ ಸಂಬಂಧಾನೇ ಇಲ್ಲ. ಇದನ್ನ ಸಾಹುಕಾರ್ರಿಗೆ ಎಷ್ಟು ಹೇಳಿದ್ರೂ ಅವ್ರು ಒಪ್ಲಿಲ್ಲ, ಹೊಸದನ್ನ ವೈರ್ ಕಿತ್ತು ಮೂಲೇಲಿ ಕೂರಿಸಿದ್ರು, ನಾನು ಹೋಗೋಷ್ಟ್ರಲ್ಲಿ ಅದು ಅಪರಾಧಿ ತರ ಗೋಡೆ ಕಡೆ ಮುಖ ಮಾಡ್ಕೊಂಡಿತ್ತು.

ಬಿಲ್ಲು ನಿಂತಿತ್ತಲ್ಲ, ಅದಕ್ಕೆ ಮೊದ್ಲು ಸರ್ವರ್ ಕಡೆ ಹೋದೆ. ಮಾನಿಟರ್ ಸಿಕ್ಕಿಸಿ ಐಪಿಕಾನ್ಫಿಗ್ ಅಂತ ಹೊಡೆದ್ರೆ ನೆಟ್‌ವರ್ಕಲ್ಲಿ ಅದರ ವಿಳಾಸದ ನಂಬರ್ 192.168.0.104. ಬಿಲ್ಲಿಂಗ್ ಪ್ರೋಗ್ರಾಮಿನ ಐಎನ್ಐ ಫೈಲಲ್ಲಿ, ಅಂದ್ರೆ ಸೆಟ್ಟಿಂಗ್ಸ್ ಇಡೋ ಫೈಲಲ್ಲಿ, ಸರ್ವರ್ ವಿಳಾಸ ಅಂತ ಬರೆದಿರೋದು 192.168.1.10. ಹಳೇ ರೂಟರಲ್ಲಿ ಯಾರೋ ಪುಣ್ಯಾತ್ಮ ಆ ನಂಬರನ್ನ ಈ ಕಂಪ್ಯೂಟರಿಗೆ ಅಂತ ಮೀಸಲಿಟ್ಟಿದ್ರು, ರೂಟರ್ ಹೋಯ್ತು, ಮೀಸಲೂ ಹೋಯ್ತು. ಸರಿ, ಹೊಸ ರೂಟರಲ್ಲಿ 192.168.0.10 ಅಂತ ಮತ್ತೆ ಮೀಸಲಿಟ್ಟೆ, ಐಎನ್ಐನಲ್ಲೂ ಅದನ್ನೇ ಬರೆದೆ. ಆದ್ರೂ ಹಳೇ ಕಂಪ್ಯೂಟರಿಂದ ಪವರ್‌ಶೆಲ್‌ನಲ್ಲಿ ಎಸ್‌ಕ್ಯೂಎಲ್ ಸರ್ವರಿನ ಮಾಮೂಲಿ ಬಾಗಿಲಾದ 1433 ಪೋರ್ಟ್ ಟೆಸ್ಟ್ ಮಾಡಿದ್ರೆ ಫಾಲ್ಸ್, ಅಂದ್ರೆ ಸಿಗ್ತಿಲ್ಲ ಅಂತಾನೇ ಬರ್ತಿದೆ. ಯಾಕಂದ್ರೆ ರೂಟರ್ ಬದಲಾದ್ರೆ ವಿಂಡೋಸ್‌ಗೆ ಅದು ಗುರುತಿಲ್ಲದ ಹೊಸಾ ನೆಟ್‌ವರ್ಕ್, ಬಸ್ ಸ್ಟ್ಯಾಂಡ್ ವೈಫೈ ತರ ಪಬ್ಲಿಕ್ ಅಂತ ಹಾಕ್ಕೊಂಡುಬಿಡತ್ತೆ, ಹೊರಗಿಂದ ಬರೋದನ್ನ ತಡೆಯೋ ಫೈರ್‌ವಾಲಲ್ಲಿ ಸರ್ವರಿಗೆ ದಾರಿ ಬಿಡೋಕೆ ಇದ್ದ ರೂಲ್ ಪ್ರೈವೇಟ್‌ಗೆ ಮಾತ್ರ ಟಿಕ್ ಆಗಿತ್ತು. ಇಷ್ಟೊತ್ತಿಗೆ ಗುಮಾಸ್ತ್ರು ಹಿಂದೆ ಬಂದು ನಿಂತು, "ಹಿಂದಿನವ್ರು ಫೈರ್‌ವಾಲೇ ಆಫ್ ಮಾಡ್ಬಿಡ್ತಿದ್ರು, ಎರಡು ನಿಮಿಷದ ಕೆಲ್ಸ" ಅಂದ್ರು. ಹೌದು, ಎರಡು ನಿಮಿಷಾನೇ. ಆದ್ರೆ ಅದೇ ವೈಫೈಗೆ ಅಂಗಡಿಗೆ ಬಂದೋರ ಮೊಬೈಲೆಲ್ಲಾ ಸೇರ್ಕೊಂಡಿರುತ್ತೆ, ಅಲ್ಲಿಂದ ಡೇಟಾಬೇಸ್ ತನಕ ಬಾಗಿಲೇ ಇಲ್ದಂಗೆ ಬಿಡೋದು ನಂಗೆ ಒಗ್ಗಲ್ಲ. ನೆಟ್‌ವರ್ಕನ್ನ ಪ್ರೈವೇಟ್ ಮಾಡ್ದೆ, ಆ ರೂಲಿಗೆ ಬಿಲ್ಲಿಂಗ್ ಕಂಪ್ಯೂಟರ್‌ಗಳ ನಂಬರ್ ಮಾತ್ರ ಹಾಕ್ದೆ.

ಎಕ್ಸ್‌ಪ್ರೆಸ್‌ನಲ್ಲಿ ಇನ್ನೊಂದು ವಿಷ್ಯ ಏನಂದ್ರೆ, ಪೋರ್ಟ್ ಡೈನಾಮಿಕ್ ಅಂತ, ಅಂದ್ರೆ ಬದಲಾಗೋ ಹಾಗೆ ಇರುತ್ತೆ, ಅದು ಯಾವುದು ಅಂತ ಹೇಳೋಕೆ ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಅನ್ನೋ ಇನ್ನೊಂದು ಸರ್ವೀಸು (ಇಂಟರ್ನೆಟ್ ನೋಡೋ ಬ್ರೌಸರ್ ಅಲ್ಲ) ಯುಡಿಪಿ 1434 ಅನ್ನೋ ಪೋರ್ಟಲ್ಲಿ ಕೂತಿರ್ಬೇಕು. ಎರರ್ 26 ಬರೋದು ಹೆಚ್ಚಾಗಿ ಆ ಬ್ರೌಸರ್ ಉತ್ತರ ಕೊಡದೇ ಇದ್ದಾಗ. ಎಸ್‌ಕ್ಯೂಎಲ್ ಸರ್ವರಿನ ಕಾನ್ಫಿಗರೇಷನ್ ಮ್ಯಾನೇಜರಲ್ಲಿ ಟಿಸಿಪಿ ಐಪಿ ಒಳಗೆ ಹೋಗಿ, ಡೈನಾಮಿಕ್ ಪೋರ್ಟ್ ಜಾಗ ಖಾಲಿ ಮಾಡಿ, ಕೆಳಗಿನ ಜಾಗದಲ್ಲಿ 1433 ಬರೆದು ಸರ್ವೀಸ್ ರೀಸ್ಟಾರ್ಟ್ ಕೊಟ್ಟೆ, ಐಎನ್ಐನಲ್ಲಿ ನಂಬರ್ ಆದ್ಮೇಲೆ ಒಂದು ಕಾಮಾ ಹಾಕಿ 1433 ಅಂತ ಸೇರಿಸ್ದೆ. ಇನ್ನು ಬ್ರೌಸರನ್ನ ಕೇಳೋ ಗೋಜೇ ಇಲ್ಲ. ಪೋರ್ಟ್ ಟೆಸ್ಟ್ ಟ್ರೂ ಅಂತು, ಬಿಲ್ಲು ಶುರುವಾಯ್ತು.

ಒಂದ್ರಲ್ಲಿ ಬಿಟ್ಟು. ತೂಕದ ಚೀಟಿ ಹಾಕೋ ಕಂಪ್ಯೂಟರಲ್ಲಿ ಅದೇ ಐಎನ್ಐ, ಅದೇ ಬದಲಾವಣೆ, ಆದ್ರೆ ಎರರ್ 26 ಬಿಡ್ತಾನೇ ಇಲ್ಲ. ಫೈಲ್ ತೆಗೆದು ನೋಡಿದ್ರೆ ಹೊಸ ನಂಬರೇ ಇದೆ. ಪ್ರೋಗ್ರಾಮಿನ ಸೆಟ್ಟಿಂಗ್ಸ್ ಪರದೆ ತೆಗೆದ್ರೆ ಹಳೇ 192.168.1.10! ಇಲ್ಲಿದೆ ನೋಡಿ ವಿಂಡೋಸ್‌ನ ಹಳೇ ಚಮತ್ಕಾರ. ವಿಸ್ಟಾ ಕಾಲದಿಂದ, ಹಳೇ 32 ಬಿಟ್ ಪ್ರೋಗ್ರಾಂ ಏನಾದ್ರೂ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯೋಕೆ ಹೋದ್ರೆ ವಿಂಡೋಸ್ ಬೈಯಲ್ಲ, ಸುಮ್ನೆ ಆ ಫೈಲಿನ ಒಂದು ನಕಲು ಮಾಡಿ ಆ ಯೂಸರ್‌ನ ಆಪ್‌ಡೇಟಾ ಒಳಗೆ ವರ್ಚುವಲ್‌ಸ್ಟೋರ್ ಅನ್ನೋ ಫೋಲ್ಡರಲ್ಲಿ ಇಟ್ಟುಬಿಡತ್ತೆ, ಆಮೇಲಿಂದ ಆ ಪ್ರೋಗ್ರಾಂ ಓದೋದು ಆ ನಕಲನ್ನೇ. ಯಾವತ್ತೋ ಒಂದಿನ ಯಾರೋ ಅಲ್ಲಿ ಪ್ರಿಂಟರ್ ಬದಲಾಯಿಸಿ ಸೇವ್ ಕೊಟ್ಟಿದ್ದಾರೆ, ನಕಲು ಹುಟ್ಟಿದೆ. ನಾವು ನೋಟ್‌ಪ್ಯಾಡಲ್ಲಿ ಅಸಲನ್ನ ತಿದ್ತಾ ಕೂತ್ರೆ ಯಾರಿಗೆ ಉಪಯೋಗ. ನಕಲನ್ನ ಬೇರೆ ಕಡೆ ಎತ್ತಿಟ್ಟೆ, ಪ್ರೋಗ್ರಾಂ ತೆಗೆದೆ, ಓಪನ್ ಆಯ್ತು. ಎರರ್ ಮೆಸೇಜಲ್ಲಿ ಈ ಫೋಲ್ಡರಿನ ಹೆಸರು ಎಲ್ಲೂ ಬರಲ್ಲ, ಗೊತ್ತಿದ್ರೆ ಉಂಟು ಇಲ್ದಿದ್ರೆ ಇಲ್ಲ.

ಊಟ ಆದ್ಮೇಲೆ ಮೂಲೇಲಿದ್ದ ಹೊಸದನ್ನ ತೆಗೆದೆ. ಪ್ರೋಗ್ರಾಮಿನ ಫೋಲ್ಡರ್ ಓಪನ್ ಮಾಡಿ ಡೇಟ್ ಪ್ರಕಾರ ಜೋಡಿಸಿದ್ರೆ ಎಲ್ಲಾ ಫೈಲೂ ಹಳೇ ಕಾಲದ್ದು, ಒಂದೇ ಒಂದು ಮಾತ್ರ ಹಿಂದಿನ ದಿನದ್ದು, ವಿಸಿರನ್‌ಟೈಮ್140.ಡಿಎಲ್ಎಲ್. ಡಿಎಲ್ಎಲ್ ಅಂದ್ರೆ ಪ್ರೋಗ್ರಾಂ ಓಡೋಕೆ ಬೇಕಾದ ಸಹಾಯಕ ಫೈಲು. ಕೇಳಿದ್ರೆ ಅಂಗಡಿ ಹುಡುಗ ಹೇಳ್ದ, ಮೊದ್ಲು "ಈ ಫೈಲ್ ಇಲ್ಲ" ಅಂತ ಬಂತಂತೆ, ಗೂಗಲ್ ಮಾಡಿ ಯಾವುದೋ ಸೈಟಿಂದ ಇಳಿಸಿ ಹಾಕಿದ್ನಂತೆ, ಆಗ ಮೆಸೇಜ್ ಬದಲಾಯ್ತಂತೆ, ಅದನ್ನೇ ಅವನು ಪ್ರಗತಿ ಅಂದ್ಕೊಂಡಿದ್ದ. ಪ್ರೋಗ್ರಾಂ 32 ಬಿಟ್‌ದು, ಹಳೇ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರಲ್ಲಿ ಹೆಸರಿನ ಪಕ್ಕದಲ್ಲೇ ತೋರ್ಸುತ್ತೆ. ಅವನು ಇಳಿಸಿದ್ದು 64 ಬಿಟ್ ಫೈಲು. 0ಎಕ್ಸ್‌ಸಿ000007ಬಿ ಅನ್ನೋದಕ್ಕೆ ಬಹಳ ಸಲ ಇದೇ ಕಾರಣ, ಎರಡು ಜಾತಿಯ ಫೈಲು ಬೆರೆತಿರೋದು. ಇದ್ರಲ್ಲಿ ಹುಡುಗನ್ನ ಬೈಯೋಕಾಗಲ್ಲ, 64 ಬಿಟ್ ಫೈಲುಗಳನ್ನ ಸಿಸ್ಟಂ32ರಲ್ಲಿ, 32 ಬಿಟ್ ಫೈಲುಗಳನ್ನ ಸಿಸ್‌ವಾವ್64ರಲ್ಲಿ ಇಡೋ ವಿಂಡೋಸ್‌ನಲ್ಲಿ ಯಾರಿಗೆ ತಾನೇ ತಲೆ ಕೆಡಲ್ಲ. ಆದ್ರೆ ಡಿಎಲ್ಎಲ್ ಒಂದೊಂದಾಗಿ ಹಂಚೋ ಸೈಟುಗಳ ಮೇಲೆ ನಂಗೆ ಒಳ್ಳೇ ಅಭಿಪ್ರಾಯ ಯಾವತ್ತೂ ಇಲ್ಲ. ಆ ಫೈಲ್ ಡಿಲೀಟ್ ಮಾಡಿ, ಒಂದ್ಸಲ ವೈರಸ್ ಸ್ಕ್ಯಾನ್ ಕೊಟ್ಟು, ಮೈಕ್ರೋಸಾಫ್ಟ್ ಸೈಟಿಂದಾನೇ ಇಂಥ ಡಿಎಲ್ಎಲ್‌ಗಳ ಕಟ್ಟಾದ ವಿಷುಯಲ್ ಸಿ++ ರಿಡಿಸ್ಟ್ರಿಬ್ಯೂಟಬಲ್‌ನ ಎಕ್ಸ್86, ಅಂದ್ರೆ 32 ಬಿಟ್ ಆವೃತ್ತಿ ಹಾಕ್ದೆ. 64 ಬಿಟ್‌ದಾದ ಎಕ್ಸ್64 ಆಗ್ಲೇ ಇತ್ತು, ಇಲ್ದೇ ಇದ್ದಿದ್ದು ಇದೇ. ಡಬಲ್ ಕ್ಲಿಕ್, ಲಾಗಿನ್ ಬಂತು.

ಹೊರಡೋಕೆ ಮುಂಚೆ ಬ್ಯಾಕಪ್ ಎಲ್ಲಿ ಹೋಗುತ್ತೆ ಅಂತ ಕೇಳ್ದೆ. "ಡಿ ಡ್ರೈವಿಗೆ, ದಿನಾ" ಅಂದ್ರು ಗುಮಾಸ್ತ್ರು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲ್ಸ ನಡೆಸೋ ಏಜೆಂಟ್ ಅನ್ನೋ ಸರ್ವೀಸು ಇಲ್ಲ, ತಾನಾಗೇ ಬ್ಯಾಕಪ್ ತಗೊಳ್ಳಲ್ಲ, ದಿನಾ ಹೋಗುತ್ತೆ ಅಂದ್ರೆ ಯಾರೋ ಟಾಸ್ಕ್ ಶೆಡ್ಯೂಲರಲ್ಲಿ ಹಾಕಿದ್ದಾರೆ, ಅಷ್ಟಕ್ಕೆ ಸಂತೋಷ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದ್ರೆ ಸಿ, ಡಿ ಎರಡೂ ಡಿಸ್ಕ್ 0ರಲ್ಲೇ ಇದಾವೆ, ಒಂದೇ ಹಾರ್ಡ್ ಡಿಸ್ಕಿನ ಎರಡು ತುಂಡು. ಸಾಹುಕಾರ್ರನ್ನ ಕರೆದು ತೋರಿಸ್ದೆ, ಡಿಸ್ಕ್ ಹೋದ್ರೆ ಬಿಲ್ಲೂ ಬ್ಯಾಕಪ್ಪೂ ಒಟ್ಟಿಗೇ ಹೋಗುತ್ತೆ ಅಂದೆ. ಅವ್ರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಹಾಗಾದ್ರೆ ಇಷ್ಟು ದಿನ ಡಿ ಅಂತ ಯಾಕೆ ಇಟ್ಟಿದ್ರು ಅಂತ ಕೇಳಿ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರೋಕೆ ಹುಡುಗನ್ನ ಕಳ್ಸಿದ್ರು. ವೈರಸ್ ಬಂದಿದ್ದು ಹೊಸ ಕಂಪ್ಯೂಟರಿಂದಾನೇ ಅನ್ನೋದನ್ನ ಮಾತ್ರ ಅವ್ರು ಇವತ್ತಿಗೂ ಬಿಟ್ಟಿಲ್ಲ.